ಮುಚ್ಚದ ಅಡಿಟಿಪ್ಪಣಿ

ನನ್ನವ್ವ ಸೀತವ್ವ ತೋಡುವಾಗ ಮಣ್ಣು ಹೊತ್ತ ಬಾವಿಯ ಕಥೆಯನ್ನು ನನ್ನ ಮೊಮ್ಮಗಳು ಸಪ್ನಾ ವಿಕಿಪೀಡಿಯದಲ್ಲಿ ಬರೆದಿದ್ದಳು. ಮರುದಿನ ಫೋನಿನಲ್ಲಿ ನೋಡಿದರೆ ಬಬಲೇಶ್ವರ ದಾರಿಯ ಬಾವಿ ಇದೆ, ಮೆಟ್ಟಿಲು ಇವೆ, ಕಟ್ಟಿಸಿದ ಗುರುಪಾದಯ್ಯನವರು ಇದ್ದಾರೆ, ಸೀತವ್ವ ಇಲ್ಲ. ಅವಳ ಜಾಗದಲ್ಲಿ ಒಂದು ಕೆಂಪು ಸಾಲು.

“ಸತೀಶನೇ ಅಳಿಸ್ಯಾನ ಮುತ್ಯಾ,” ಅಂದಳು ಸಪ್ನಾ.

ಸತೀಶಕುಮಾರ ಗುರುಪಾದಯ್ಯನವರ ಮರಿಮಗ, ಸಪ್ನಾಳ ಜೊತೆ ಕಾಲೇಜಿನಲ್ಲಿ ಓದುವವನು. ವಿಕಿ ಕಲಿಸಿದವನೂ ಅವನೇ. ನಮ್ಮೂರು ತಿಕೋಟಾದಿಂದ ಇಬ್ಬರೂ ಬಸ್ಸು ಹಿಡಿದು ಪಟ್ಟಣದ ಜೋರಾಪುರ ಪೇಟೆಯ ಅವರ ಒಣದ್ರಾಕ್ಷಿ ಅಂಗಡಿಗೆ ಬಂದೆವು.

“ಬರ್ರಿ ಕರೆಪ್ಪಜ್ಜಾರ, ಕೂಡ್ರಿ,” ಎಂದು ಸತೀಶ ಹಿಂದಿನ ಕೋಣೆಗೆ ಕರೆದೊಯ್ದ. ಸುತ್ತಲೂ ದ್ರಾಕ್ಷಿಯ ಬಾಕ್ಸು, ನಡುವೆ ಒಂದೇ ಕುರ್ಚಿ. ಕೂತ ಮೇಲೆ ಕಾಲು ಚಾಚುವಂತಿರಲಿಲ್ಲ. ಕಿಟಕಿಗೂ ಬಾಕ್ಸು ಒಟ್ಟಿದ್ದರು.

“ಯಾಕ ಅಳಿಸಿದಿ ಲೇ?” ಸಪ್ನಾ ಕೇಳಿದಳು.

“ಹೆಣ್ಮಕ್ಳಿಗೆ ಬಸ್ ಫುಕಟ್ ಐತಂತ ಬೈಯಾಕ ಇಲ್ಲಿತನಕ ಬಂದೇನು?”

“ಮುತ್ಯಾನ ಟಿಕೀಟಿಗೆ ರೊಕ್ಕ ಕೊಟ್ಟೇನಿ.”

ಸತೀಶ ಕಂಪ್ಯೂಟರು ತೆರೆದು ಒಳಗಿನ ಬರಹ ತೋರಿಸಿದ. ಯಾರೂ ಅಳಿಸಿರಲಿಲ್ಲ. ಅಡಿಟಿಪ್ಪಣಿಗೆ ಮೊದಲಿಗೊಂದು ಗುರುತು, ಕೊನೆಗೊಂದು ಗುರುತು ಹಾಕಬೇಕಂತೆ. ನಡುವಿನದೆಲ್ಲ ಪುಟದ ತಳಕ್ಕೆ ಹೋಗುತ್ತದಂತೆ. ಸಪ್ನಾ ತೆರೆಯುವ ಗುರುತು ಹಾಕಿ, ‘ಸೀತವ್ವ ಹೇಳಿದ್ದು’ ಎಂದು ಬರೆದು, ಮುಚ್ಚದೆ ಹಾಗೆಯೇ ಕಥೆಗೆ ಇಳಿದುಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಕಥೆ ಹೇಳುವುದೇ ಹಾಗೆ. ಯಾರು ಹೇಳಿದ್ದೆಂದು ಮೊದಲು ಹೆಸರೆತ್ತಬೇಕು, ಆ ಉಸಿರಿನಲ್ಲೇ ಮುಂದೆ ಹೋಗಬೇಕು. ನಡುವೆ ಗೋಡೆ ಹಾಕುವುದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಕಂಪ್ಯೂಟರು ಕಥೆಯನ್ನೂ ಟಿಪ್ಪಣಿ ಎಂದೇ ತಿಳಿದು ನುಂಗಿತ್ತು.

‘ಸೀತವ್ವ ಹೇಳಿದ್ದು’ ಎಂಬುದರ ಕೊನೆಗೆ ಸತೀಶ ಮುಚ್ಚುವ ಗುರುತು ಹಾಕಿದ. ಕೆಂಪು ಸಾಲು ಹೋಯಿತು, ಕಥೆ ಎದ್ದು ನಿಂತಿತು. ಮಣ್ಣಿನ ಬುಟ್ಟಿಯ ಅಡಿಯಲ್ಲಿ ಮೊದಲ ನೀರು ಕಂಡವಳು ಸೀತವ್ವ. ನೀರು ತುಂಬಿದ ಮೇಲೆ, ಕೆಳಗೇರಿಯವಳೆಂದು, ಅವಳು ಆ ಮೆಟ್ಟಿಲು ಇಳಿಯುವಂತಿರಲಿಲ್ಲ.

ಆದರೆ ಅವನು ಉಳಿಸುವ ಗುಂಡಿ ಒತ್ತಲಿಲ್ಲ.

“ವಿಕಿದಾಗ ಬಾಯಿಮಾತು ನಡಿಯಂಗಿಲ್ಲ ಸಪ್ನಾ. ಅಲ್ಲಿ ತಿದ್ದವ್ರು ಪುಸ್ತಕದ ಆಧಾರ ಕೇಳ್ತಾರ. ಕಣ್ಣಿಗೆ ಬಿದ್ರ ತಗದ ಬಿಡ್ತಾರ.”

“ನಿಮ್ಮ ಮನಿತನದ ಪುಸ್ತಕ ಐತೆಲ್ಲ?”

“ಐತಿ. ಅದರಾಗ ನಮ್ಮ ಹಿರ್ಯಾರಷ್ಟ ಅದಾರ. ಇಲ್ಲದ್ದನ್ನ ಐತಿ ಅಂತ ಹೆಂಗ ಹಾಕ್ಲಿ?” ಪುಟ ಕೆಳಕ್ಕೆ ಸರಿಸಿ ಅಂದ, “ಒಂದ ದಾರಿ ಐತಿ. ಮುಚ್ಚೋ ಗುರ್ತ ಕಥಿ ಮುಗದ ಮ್ಯಾಲ ಹಾಕೂಣು. ಪೂರಾ ಕಥಿ ತಳಕ್ಕ ಹೋಗತೈತಿ, ಸಣ್ಣ ಅಕ್ಷರದಾಗ. ಯಾರೂ ಓದಂಗಿಲ್ಲ, ಯಾರೂ ತಗಿಯಂಗಿಲ್ಲ.”

“ಇಲ್ಲೂ ತಳದಾಗ ಏನ್ ಲೇ ನಾವು?”

ಸತೀಶ ಕೆಟ್ಟ ಹುಡುಗನಲ್ಲ. ಕಾಣುವಂತೆ ಇಟ್ಟರೆ ಹೋಗುತ್ತದೆ, ಉಳಿಯಬೇಕೆಂದರೆ ಕಾಣಬಾರದು. ಅವನ ಕೈಯಲ್ಲಿ ಇದ್ದದ್ದು ಅಷ್ಟೇ. ಇಬ್ಬರೂ ನನ್ನ ಮುಖ ನೋಡಿದರು.

ಮೆಟ್ಟಿಲು ಇಳಿಯಬೇಡ ಎಂದವರು ಯಾರು ಎಂದು ಅವ್ವನನ್ನು ನಾನು ಬಹಳ ಸಲ ಕೇಳಿದ್ದೇನೆ. ಅವಳಿಗೆ ಗೊತ್ತಿರಲಿಲ್ಲ. ಊರಲ್ಲಿ ಕೇಳಿದರೆ, ಮೊದಲಿಂದ ಹಾಗೇ ಅನ್ನುತ್ತಿದ್ದರು. ಹೆಸರಿಟ್ಟು ಹೇಳುವಂಥ ಒಬ್ಬನೂ ಸಿಗಲಿಲ್ಲ.

“ತಗದವ್ರು ಯಾರಂತ ಗೊತ್ತಾಗತೈತೇನಪ?” ಕೇಳಿದೆ.

“ಗೊತ್ತಾಗತೈತ್ರಿ ಅಜ್ಜಾರ. ಪುಟದ ಇತಿಹಾಸ ಅಂತ ಇರತೈತ್ರಿ. ಯಾರು ತಗದ್ರು, ಏನ್ ತಗದ್ರು, ಎಲ್ಲಾ ಅದರಾಗ ಉಳಿತೈತ್ರಿ.”

“ಹಂಗಾದ್ರ ಮ್ಯಾಲ ಇಡು.”

“ಹೋಗಿಬಿಡತೈತಿ ಮುತ್ಯಾ,” ಅಂದಳು ಸಪ್ನಾ.

“ತಗಿಯವ್ರು ಹೆಸ್ರು ಬರ್ದ ತಗೀಲಿ.”

ಸತೀಶ ಗುಂಡಿ ಒತ್ತಿದ. ಮೂವರೂ ಅಲ್ಲೇ ಕಾದೆವು. ಸಪ್ನಾ ಫೋನಿನಲ್ಲಿ ಪುಟ ತೆರೆದು, “ಐತಿ,” ಅಂದಳು. ಮುಚ್ಚಿ, ಮತ್ತೆ ತೆರೆದಳು.