ಹನ್ನೊಂದು ದಿನದ ಗಾಳಿ

ಮಂಚದ ಕೆಳಗೆ ಕೈ ಚಾಚಿ ಟ್ರಂಕಿನ ಹಿಡಿಯನ್ನು ತಡಕುತ್ತಿದ್ದಾಗ ಸೋದರತ್ತೆಯ ಪಾದ ಅವಳ ಬೆರಳಿನ ಮೇಲೆ ಬಂದು ಕೂತಿತು.

"ಏನೇ ಅದು? ಈ ಹೊತ್ತಲ್ಲಿ ಮಂಚದ ಕೆಳಗೆ ಏನು ಗುಡಿಸ್ತಿದೀಯ?"

"ಏನಿಲ್ಲ ಅತ್ತೆ. ಕತ್ತರಿ ಬಿದ್ದಿತ್ತು."

"ಕತ್ತರಿಯಂತೆ! ಅಪ್ಪ ಮೇಲೆ ಮಲಗಿದಾನೆ, ಇವಳಿಗೆ ಕೆಳಗೆ ಕತ್ತರಿ. ಏಳು, ಮುಖ ತೊಳ್ಕೊ. ಜನ ನೋಡ್ತಿದಾರೆ."

ಮಗಳು ಬೆರಳು ಬಿಡಿಸಿಕೊಂಡು ಎದ್ದಳು. ನಲವತ್ತು ದಾಟಿದ ಹೆಂಗಸು, ಊರಿಗೆಲ್ಲ ಬಟ್ಟೆ ಹೊಲಿಯುವವಳು. ಮಂಚದ ಮೇಲಿದ್ದ ಅಪ್ಪನ ಮೈಮೇಲಿನ ಅಂಗಿಯೂ ಅವಳೇ ಹೊಲಿದದ್ದು. ಅಳತೆ ತೆಗೆದಾಗ ಸರಿಯಾಗಿದ್ದ ಕಾಲರು ಈಗ ಎರಡು ಬೆರಳು ಸಡಿಲವಾಗಿತ್ತು.

ಅಪ್ಪ ತೀರಿಕೊಂಡದ್ದು ಹಿಂದಿನ ದಿನ ಬೆಳಗ್ಗೆ, ಕುರ್ಚಿಯಲ್ಲಿ ಕೂತವನು ಕೂತ ಹಾಗೇ. ಆಗಿನಿಂದ ಆ ಕೋಣೆ ಒಂದು ಗಳಿಗೆಯೂ ಖಾಲಿಯಾಗಿರಲಿಲ್ಲ. ಅತ್ತೆಯಂತೂ ಮಂಚದ ತಲೆದೆಸೆಯಲ್ಲಿ ಸ್ಟೂಲು ಹಾಕಿಕೊಂಡು ಕೂತವಳು, ಅಣ್ಣನನ್ನು ಯಾರೋ ಕದ್ದೊಯ್ಯುತ್ತಾರೆ ಅನ್ನುವ ಹಾಗೆ ಕಾವಲಿದ್ದಳು.

ಟ್ರಂಕಿನಲ್ಲಿ ಇದ್ದದ್ದು ಒಂದು ಕಟ್ಟು ಕಾಗದ. ಅದನ್ನು ಒಯ್ಯಲು ಹವಾಮಾನ ದಾಖಲೆ ಕಚೇರಿಯ ಮೇಡಂ ಈ ದಿನವೇ ಬರುವುದೆಂದು ತಿಂಗಳ ಹಿಂದೆ ನಿಶ್ಚಯವಾಗಿತ್ತು. ಸಾವಿನ ಸುದ್ದಿ ತಿಳಿಸಿದಾಗಲೂ, "ಬರ್ತೀನಿ, ಮಣ್ಣಿಗೆ ನಿಲ್ತೀನಿ" ಎಂದಿದ್ದರು. ಅವರು ಮಧ್ಯಾಹ್ನದ ಬಸ್ಸಿಳಿಯುವುದರೊಳಗೆ ಆ ಕಟ್ಟಿನಿಂದ ಹನ್ನೊಂದು ಹಾಳೆ ಎಳೆದು ಒಲೆಗೆ ಹಾಕಬೇಕಿತ್ತು. ಹಾಳೆ ಕಳೆದುಹೋದರೆ ಕಳೆದುಹೋಯಿತು ಅನ್ನಬಹುದು. ಹಾಳೆ ಇದ್ದು ಅದರಲ್ಲಿ ಸುಳ್ಳಿದ್ದರೆ?

ಹೊರಗೆ ಜಗಲಿಯಲ್ಲಿ ಬಡಗಿ ತಾನು ರಾತ್ರಿ ಕೂಡಿಸಿದ ಹಲಗೆಗೆ ಕೊನೆಯ ಮೊಳೆ ಹೊಡೆಯುತ್ತಿದ್ದ. ಅಪ್ಪನ ಓರಗೆಯವನು. ಅಪ್ಪನಿಗೆ ‘ಹಳೇಮಳೆ’ ಅಂತ ಹೆಸರಿಟ್ಟವನೂ ಅವನೇ. ಹೊಡೆತದ ನಡುವೆ ಮಾತು ನಿಲ್ಲುತ್ತಿರಲಿಲ್ಲ.

"ಒಂದ್ಸಲ ಕೇಳ್ದೆ, ಏನಪ್ಪಾ ಹಳೇಮಳೆ, ನಾಳೆ ಬಿತ್ತನೆ ಇಟ್ಕೊಂಡಿದೀನಿ, ಮಳೆ ಬರುತ್ತಾ ಅಂತ. ನಾಳೆದು ನಂಗೇನು ಗೊತ್ತು, ನೂರ ಅರವತ್ತು ವರ್ಷದ ಹಿಂದೆ ಇದೇ ದಿನ ನಡುಸಮುದ್ರದಲ್ಲಿ ಜಡಿಮಳೆ ಅಂದ. ಹಾಗಾದ್ರೆ ಅಲ್ಲೇ ಬಿತ್ತು ಅಂತೀಯಾ ಅಂದೆ. ಅದಕ್ಕೂ ನಗಲಿಲ್ಲ, ಪುಣ್ಯಾತ್ಮ."

"ಸಮುದ್ರ ಕಣ್ಣಲ್ಲಿ ಕಂಡವನಲ್ಲ ನಮ್ಮಣ್ಣ," ಎಂದಳು ಅತ್ತೆ ಒಳಗಿನಿಂದ. "ಕೆರೆಗೆ ಇಳೀಬೇಕಾದ್ರೂ ಮೊದಲು ಕೋಲು ಹಾಕಿ ಆಳ ನೋಡೋನು."

ಜನ ನಕ್ಕರು, ನಕ್ಕು ಸಾವಿನ ಮನೆ ಅನ್ನುವುದು ನೆನಪಾಗಿ ಸುಮ್ಮನಾದರು. ಮಗಳಿಗೆ ನಗು ಬರಲಿಲ್ಲ. ಅವಳ ಕಿವಿ ರಸ್ತೆಯ ಕಡೆಗಿತ್ತು.

*

ಅಪ್ಪ ಹತ್ತಿ ಗಿರಣಿಯಲ್ಲಿ ತೂಕದ ಗುಮಾಸ್ತನಾಗಿದ್ದ. ಆ ಕೆಲಸ ಬಿಟ್ಟ ವರ್ಷ ಪತ್ರಿಕೆಯ ಮೂಲೆಯಲ್ಲಿ ಒಂದು ಪ್ರಕಟಣೆ ನೋಡಿದ. ಹಿಂದಿನ ಕಾಲದ ಹಾಯಿ ಹಡಗುಗಳಲ್ಲಿ ನಾಲ್ಕು ಗಂಟೆಗೊಮ್ಮೆ ಯಾರಾದರೂ ಒಬ್ಬ ಮೇಲೆ ಬಂದು ನಿಂತು, ಗಾಳಿ ಯಾವ ಕಡೆಯದು, ಎಷ್ಟು ಜೋರು, ಆಕಾಶ ಹೇಗಿದೆ, ಗಾಜಿನ ಕೊಳವೆಯಲ್ಲಿ ಪಾದರಸ ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದನಂತೆ. ಅಂಥ ಸಾವಿರಾರು ಪುಸ್ತಕಗಳು ಉಳಿದಿವೆ. ಅವುಗಳ ಪುಟಗಳ ಫೋಟೋ ಕಳಿಸುತ್ತೇವೆ, ಬಿಡಿಸಿ ಓದಿ ಅಚ್ಚುಕಟ್ಟಾಗಿ ಬರೆದುಕೊಡುವ ತಾಳ್ಮೆಯವರು ಬೇಕು ಎಂದಿತ್ತು ಪ್ರಕಟಣೆ. ಆಗ ಹೇಗಿತ್ತು ಗಾಳಿ ಮಳೆ ಅನ್ನುವುದು ಗೊತ್ತಾಗದೆ ಈಗಿನದು ಎಷ್ಟು ಕೆಟ್ಟಿದೆ ಅಂತ ಹೇಳುವುದು ಹೇಗೆ?

ತಾಳ್ಮೆ ಅಪ್ಪನಲ್ಲಿ ಗೋಣಿಗಟ್ಟಲೆ ಇತ್ತು. ಇಪ್ಪತ್ತೆರಡು ವರ್ಷ ಬರೆದ. ಓದಲಾಗದ ಅಂಕಿ ಬಂದರೆ ಆ ಮನೆಯನ್ನು ಖಾಲಿ ಬಿಟ್ಟು ಒಂದು ಸಣ್ಣ ಸೊನ್ನೆ ಸುತ್ತುತ್ತಿದ್ದ. "ತಕ್ಕಡಿ ನೋಡದೆ ತೂಕ ಹೇಳೋದು ಕಳ್ಳತನ," ಅನ್ನುತ್ತಿದ್ದ. "ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ. ಅದ್ರಲ್ಲಿ ನಾಚಿಕೆ ಏನು?"

ಎರಡು ವರ್ಷದ ಹಿಂದೆ ಕಣ್ಣು ಮಂಜಾಯಿತು. ಆಗ ಮಗಳು ಓದುವವಳಾದಳು. ಭೂತಗನ್ನಡಿ ಹಿಡಿದು ಅವಳು ಅಂಕಿ ಹೇಳುವುದು, ಅಪ್ಪ ಬರೆಯುವುದು. ಸಾಲು ತಪ್ಪದಿರಲೆಂದು ಅವಳೇ ರಟ್ಟಿನಲ್ಲಿ ಕಿಂಡಿಗಳನ್ನು ಕತ್ತರಿಸಿಕೊಟ್ಟಿದ್ದಳು, ತೋಳಿನ ನಮೂನೆ ಕತ್ತರಿಸುವ ರಟ್ಟು. ಒಂದು ಹಾಳೆಗೆ ಹಡಗಿನ ಒಂದು ದಿನದ ಲೆಕ್ಕ. ಅಪ್ಪ ಬೆರಳಲ್ಲಿ ಕಿಂಡಿ ಮುಟ್ಟಿ ನೋಡಿ ಅದರೊಳಗೆ ಬರೆಯುತ್ತಿದ್ದ. ಓದಿದವರು ಬರೆದದ್ದನ್ನು ನೋಡಬಾರದೆಂದು ಕಚೇರಿಯ ಕಟ್ಟಪ್ಪಣೆ. ನೋಡಿದರೆ ಓದುವ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದಂತೆ. ಆದ್ದರಿಂದ ಅಪ್ಪ ಬರೆದ ಹಾಳೆಯನ್ನು ಆಗಿಂದಾಗ ಬೋರಲು ಹಾಕಿ, ತಾನೇ ಕಟ್ಟಿ ಟ್ರಂಕಿಗಿಡುತ್ತಿದ್ದ. ಅವಳು ಒಂದು ದಿನವೂ ತೆರೆದು ನೋಡಿದವಳಲ್ಲ.

*

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಕಚೇರಿಯ ಮೇಡಂ ತಲೆ ನರೆತವರು, ಮಂಡಿನೋವಿನ ನಡಿಗೆ, ಹೆಗಲಿಗೆ ಚರ್ಮದ ಚೀಲ. ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದರು.

"ಅಕ್ಷರ ಮಾತ್ರ ಗೊತ್ತಿತ್ತು ನಂಗೆ," ಎಂದರು. "ಇಷ್ಟು ಸಣ್ಣ ಆಳು ಅಂದ್ಕೊಂಡಿರ್ಲಿಲ್ಲ."

"ಮೊದಲು ದಪ್ಪ ಇದ್ದ," ಎಂದಳು ಅತ್ತೆ, ಅಣ್ಣನ ಪರವಾಗಿ.

ಬಡಗಿ ಮತ್ತು ಮೂವರು ಸೇರಿ ಅಪ್ಪನನ್ನು ಹಲಗೆಗೆ ಮಲಗಿಸಿ ಎತ್ತಿದರು. ಬಾಗಿಲು ಕಿರಿದು, ಅಡ್ಡ ಮಾಡಿ, ಓರೆ ಮಾಡಿ, "ನಿಧಾನ, ನಿಧಾನ, ಅವನಿಗೇನೂ ಅವಸರ ಇಲ್ಲ," ಎನ್ನುತ್ತ ದಾಟಿಸಿದರು. ಅವರ ಹಿಂದೆ ಎಲ್ಲರೂ ಹೊರಗೆ ಹೋದರು. ಅತ್ತೆಯ ಸ್ಟೂಲು ಖಾಲಿಯಾಯಿತು.

ಕೋಣೆಯಲ್ಲಿ ಮಗಳೊಬ್ಬಳೇ ಉಳಿದಳು.

ಟ್ರಂಕನ್ನು ಎಳೆದಳು. ತೆರೆದಳು. ಮೇಲೆಯೇ ಇತ್ತು ಕಟ್ಟು, ಅವಳದೇ ನೀಲಿ ಹೊಲಿಗೆಪಟ್ಟಿಯಿಂದ ಕಟ್ಟಿದ್ದು. ಹಿಂದಿನ ಕಟ್ಟುಗಳಿಗೆಲ್ಲ ಅಪ್ಪ ಅರಗಿನ ಮುದ್ರೆ ಒತ್ತಿ ಇಡುತ್ತಿದ್ದ. ಇದಕ್ಕೆ ಮುದ್ರೆ ಇರಲಿಲ್ಲ. ಗಂಟು ಬಿಚ್ಚುವುದೊಂದೇ ಕೆಲಸ. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಅವಳ ಉಗುರು ಗಂಟಿನೊಳಗೆ ಹೋಗಿತ್ತು.

"ಹೊರಟ್ವಿ!" ಬಡಗಿಯ ದನಿ. "ಮಗಳೆಲ್ಲಿ? ಅವಳು ಬರದೆ ಹೆಜ್ಜೆ ಇಡೋದು ಹ್ಯಾಗೆ? ಭಾರ ಇದೆ ಕಣಮ್ಮಾ, ಬೇಗ ಬಾ!"

ಹೆಗಲ ಮೇಲೆ ಅಪ್ಪನನ್ನು ಹೊತ್ತು ನಾಲ್ಕು ಜನ ಬಿಸಿಲಲ್ಲಿ ಕಾಯುತ್ತಿದ್ದರು. ಅವಳು ಟ್ರಂಕನ್ನು ಹಾಗೇ ಬಿಟ್ಟು ಓಡಿದಳು. ಮುಚ್ಚಳ ಮುಚ್ಚಲಿಲ್ಲ ಅನ್ನುವುದು ಗೇಟಿನ ಹೊರಗೆ ಬಂದ ಮೇಲೆ ನೆನಪಾಯಿತು.

ಹೊಲದ ಬದುವಿನ ಮೇಲೆ ಜನ ಒಬ್ಬರ ಹಿಂದೊಬ್ಬರು ನಡೆದರು. ಮೇಡಂ ಅವಳ ಪಕ್ಕಕ್ಕೇ ಬಂದು ಸೇರಿಕೊಂಡರು.

"ನಮ್ಮಲ್ಲಿ ನೂರಾರು ಜನ ಬರೀತಾರೆ. ಎಲ್ರದ್ದೂ ಒಂದಿಷ್ಟು ಪುಟ ತಾಳೆ ನೋಡ್ತೀವಿ. ನಿಮ್ಮಪ್ಪನ ಹಾಳೇಲಿ ತಪ್ಪು ಸಿಕ್ಕಿದ್ದಿದೆ, ಆದ್ರೆ ನೋಡದೆ ಕಟ್ಟಿ ಬರೆದದ್ದು ಅಂತ ಒಂದೂ ಸಿಕ್ಕಿಲ್ಲ. ಹೊಸಬರಿಗೆ ತೋರ್ಸೋಕೆ ಅವರ ಹಾಳೆಗಳನ್ನೇ ಗೋಡೆಗೆ ಹಾಕಿದೀವಿ."

ಮಗಳು ಬದುವಿನ ಮೇಲೆ ಕಣ್ಣಿಟ್ಟೇ ಕೇಳಿದಳು. "ಒಂದು ವೇಳೆ... ಸಿಕ್ಕಿದ್ರೆ?"

"ಕಾಗದದಲ್ಲಿ ಬರೆದಿದ್ವಲ್ಲ. ಒಂದು ದಿನ ಕಟ್ಟಿ ಬರೆದವರು ಇನ್ನೆಷ್ಟು ದಿನ ಕಟ್ಟಿದಾರೋ ಯಾರಿಗೆ ಗೊತ್ತು? ಅವರು ಮಾಡಿದ್ದನ್ನೆಲ್ಲ ಬದಿಗಿಡ್ತೀವಿ. ಬೇರೆ ದಾರಿ ಇಲ್ಲ." ಮೇಡಂ ಎಡವಿ, ಅವಳ ತೋಳು ಹಿಡಿದುಕೊಂಡರು. "ಬೆಳಗ್ಗಿಂದ ಏನಾದ್ರೂ ತಿಂದ್ರಾ?"

*

ಅದು ನಾಲ್ಕು ತಿಂಗಳ ಹಿಂದಿನ ಮಧ್ಯಾಹ್ನ. ಶಾಲೆಯ ಸಮವಸ್ತ್ರದ ತೊಂಬತ್ತು ಅಂಗಿ ಮಾರನೆಯ ದಿನಕ್ಕೆ ಕೊಡಬೇಕಿತ್ತು. ಗುಂಡಿಗಳೇ ಇನ್ನೂ ಆಗಿರಲಿಲ್ಲ. ಅಪ್ಪ ಎದುರಿಗೆ ರಟ್ಟು ಇಟ್ಟುಕೊಂಡು, ಪೆನ್ನು ಹಿಡಿದು, ಊಟಕ್ಕೆ ಕೂತ ಮಗುವಿನ ಹಾಗೆ ಕಾಯುತ್ತಿದ್ದ. ಆ ದಿನದ ಪುಟಗಳೂ ಹಿಂದಿನ ದಿನದವುಗಳ ಹಾಗೇ ನೀರು ಕುಡಿದಿದ್ದವು. ಹಡಗಿನೊಳಕ್ಕೆ ಅಲೆ ನುಗ್ಗಿತ್ತೋ ಏನೋ, ಶಾಯಿಯೆಲ್ಲ ಹರಡಿ ಒಂದೊಂದು ಅಂಕಿಗೆ ಎರಡೆರಡು ನಿಮಿಷ ಬೇಕಾಗುತ್ತಿತ್ತು.

ಮೊದಲ ಅಂಕಿಯನ್ನು ಅಂದಾಜಿನಲ್ಲಿ ಹೇಳಿದಳು. ಎರಡನೆಯದಕ್ಕೆ ಗಾಜು ಎತ್ತಲೂ ಇಲ್ಲ. ಕೈ ಗುಂಡಿ ಹಾಕುತ್ತಿತ್ತು, ಬಾಯಿ ಹೇಳುತ್ತಿತ್ತು. ನೈಋತ್ಯ ಗಾಳಿ, ನಾಲ್ಕು. ಪಾದರಸ ಇಪ್ಪತ್ತೊಂಬತ್ತು ಎಂಬತ್ತು. ಚದುರಿದ ಮೋಡ. ದಿನಕ್ಕೆ ಆರು ಸಲ, ಹನ್ನೊಂದು ದಿನ. ಕಾಣದ ಕಡಲನ್ನು ಗುಂಡಿಯ ಮೇಲೆ ಗುಂಡಿ ಇಟ್ಟ ಹಾಗೆ ಸಾಲಾಗಿ ಹೊಲಿದುಬಿಟ್ಟಳು.

"ಇವತ್ತು ಸರಸರ ಓದ್ತಿದೀಯ," ಎಂದ ಅಪ್ಪ.

"ಅಕ್ಷರ ಚೆನ್ನಾಗಿದೆ ಅಪ್ಪಾ."

"ಹೌದಾ. ಗಾಳಿ ಶಾಂತ ಇತ್ತೇನೋ, ನೆಟ್ಟಗೆ ಕೂತು ಬರೆದಿದಾರೆ." ಪೆನ್ನು ಮತ್ತೆ ಕಿಂಡಿಗೆ ಹೋಯಿತು.

ಆಮೇಲೆ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದ. "ಬಿಡುವಿದ್ರೆ ಹೇಳು, ಹಿಂದಿನದೊಂದು ಸ್ವಲ್ಪ ನೋಡೋದಿದೆ." "ಹಿಂದಿನದು ಯಾಕಪ್ಪಾ, ಮುಂದಿನದು ಓದ್ತೀನಿ," ಎಂದು ಹೊಸ ಪುಟ ಎತ್ತಿಕೊಳ್ಳುತ್ತಿದ್ದಳು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡು ನಾಲ್ಕು ತಿಂಗಳಾಯಿತು. ತಾಳೆ ನೋಡುವ ವಿಷಯದ ಕಾಗದ ಬಂದಾಗ ಅದನ್ನು ಅಪ್ಪನಿಗೆ ಓದಿ ಹೇಳಿದವಳೂ ಅವಳೇ. ಕೊನೆಯ ಸಾಲಿಗೆ ಬಂದಾಗ ದನಿ ಕೈಕೊಟ್ಟಿತು. "ನೀರು ಕುಡಿ," ಎಂದಿದ್ದ ಅಪ್ಪ.

*

ಮಣ್ಣು ಒದ್ದೆಯಾಗಿತ್ತು. ಬಡಗಿ ಹಗ್ಗ ಸಡಿಲಿಸುತ್ತ, "ಎಡಕ್ಕೆ ಸ್ವಲ್ಪ, ಹಾ, ಮಟ್ಟಸ ಬರ್ಲಿ, ಅವನಿಗೆ ಓರೆ ಆಗ್ತಿರ್ಲಿಲ್ಲ," ಎಂದ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಗಳೂ ಹಾಕಿದಳು. ಅವಳ ಕಣ್ಣಿನ ಮುಂದೆ ತೆರೆದ ಟ್ರಂಕು ಇತ್ತು. ಯಾರಾದರೂ ಒಳಗೆ ಹೋಗಿದ್ದರೆ? ಗಾಳಿಗೆ ಹಾಳೆ ಹಾರಿದ್ದರೆ? ಹಾರಲಿ. ಹನ್ನೊಂದು ಹಾಳೆ ಮಾತ್ರ ಹಾರಿಹೋಗಲಿ. ಹೀಗೆ ಅಂದುಕೊಂಡದ್ದಕ್ಕೆ, ಅದೂ ಇಲ್ಲಿ ನಿಂತು ಅಂದುಕೊಂಡದ್ದಕ್ಕೆ, ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು.

ವಾಪಸು ಬಂದಾಗ ಟ್ರಂಕು ಬಿಟ್ಟ ಹಾಗೇ ಇತ್ತು. ಅತ್ತೆ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಕಾಸತೊಡಗಿದಳು. ಮೇಡಂ ಬಾಗಿಲಲ್ಲಿ ನಿಂತು, "ಸಂಜೆ ಬಸ್ಸಿಗೆ ಹೋಗ್ಬೇಕು. ಕಟ್ಟು ಕೊಟ್ರೆ..." ಎಂದರು.

ಮಗಳು ಕಟ್ಟು ಎತ್ತಿದಳು. ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದಳು.

"ಮೇಡಂ, ಇದರಲ್ಲಿ ಹನ್ನೊಂದು ದಿನ ಸುಳ್ಳು. ಅಪ್ಪನದಲ್ಲ, ನಂದು. ನಾನು ನೋಡ್ದೆ ಬಾಯಿಗೆ ಬಂದದ್ದು ಹೇಳ್ದೆ, ಅವ್ರು ನಂಬಿ ಬರೆದ್ರು. ಅವ್ರ ಕೆಲಸ ಬದಿಗಿಡ್ಬೇಡಿ. ಗೋಡೆಯಿಂದ ತೆಗೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮೇಡಂ ಕೈ ಚಾಚಿ ಕಟ್ಟು ತೆಗೆದುಕೊಂಡು ಅಪ್ಪನ ಮೇಜಿನ ಮೇಲಿಟ್ಟು ಪಟ್ಟಿ ಬಿಚ್ಚಿದರು. "ಯಾವ ತಿಂಗಳು?"

ಹೇಳಿದಳು. ಹಾಳೆಗಳು ಸರಿದವು. ಒಂದರ ಹತ್ತಿರ ಮೇಡಂ ಕೈ ನಿಂತಿತು. ಮುಂದಿನದನ್ನು ನೋಡಿದರು, ಅದರ ಮುಂದಿನದನ್ನೂ.

"ಬನ್ನಿ ಇಲ್ಲಿ," ಎಂದರು.

ಹನ್ನೊಂದು ಹಾಳೆಯಲ್ಲೂ ಒಂದೇ ಒಂದು ಅಂಕಿ ಇರಲಿಲ್ಲ. ಪ್ರತಿ ಕಿಂಡಿಯ ಜಾಗದಲ್ಲೂ ಒಂದೊಂದು ಸೊನ್ನೆ, ಕಣ್ಣು ಮಂಜಾದವನ ಕೈ ಸುತ್ತಿದ್ದು, ಕೆಲವು ಕೂಡಿಕೊಳ್ಳದೆ ಬಾಯಿ ಬಿಟ್ಟಿದ್ದವು. ಮೊದಲ ಹಾಳೆಯ ಅಂಚಿನಲ್ಲಿ ಮೇಲೆ ಕೆಳಗೆ ಓಡಿದ ಅಕ್ಷರದಲ್ಲಿ ಒಂದು ಸಾಲಿತ್ತು: ಓದುವವಳಿಗೆ ದಣಿವು. ಬಿಡುವಾದಾಗ ಮತ್ತೆ ನೋಡಬೇಕು.

"ತಡವರಿಸದೆ ಓದಿದ್ರಿ ಅಲ್ವಾ?" ಎಂದರು ಮೇಡಂ. "ನೀರು ಕುಡಿದ ಪುಟಾನ ಯಾರೂ ತಡವರಿಸದೆ ಓದೋಕಾಗಲ್ಲ."

ಮಗಳು ಆ ಸಾಲಿನ ಮೇಲೆ ಬೆರಳಿಟ್ಟಳು. ಹೊರಗೆ ಬಡಗಿ ಯಾರಿಗೋ ಹಳೇಮಳೆಯ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದ. ಅತ್ತೆ ಒಳಗಿನಿಂದ, "ಚಹಾ ಆರ್ತಿದೆ, ಎಲ್ಲಿ ಹೋದ್ರಿ ಇಬ್ರೂ?" ಎಂದು ಕೂಗಿದಳು.

ಮೇಡಂ ಗೋಡೆಯ ಗಡಿಯಾರ ನೋಡಿದರು. ಚೀಲವನ್ನು ಹೆಗಲಿನಿಂದ ಇಳಿಸಿ ಅಪ್ಪನ ಕುರ್ಚಿಯಲ್ಲಿ ಕೂತರು. ಹೊಸ ಹಾಳೆ ತೆಗೆದು ಅದರ ಮೇಲೆ ರಟ್ಟು ಇಟ್ಟರು, ಅಪ್ಪನ ಪೆನ್ನಿನ ಮುಚ್ಚಳ ತೆರೆದರು.

"ಬಸ್ಸಿಗೆ ಇನ್ನೂ ಹೊತ್ತಿದೆ. ಓದಿ."

ಅವಳು ಟ್ರಂಕಿನ ತಳದಿಂದ ಆ ಹನ್ನೊಂದು ದಿನದ ಪುಟಗಳ ಫೋಟೋಗಳನ್ನು ತೆಗೆದಳು. ಮೊದಲನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಎತ್ತಿದಳು. ಬಹಳ ಹೊತ್ತು ನೋಡಿದಳು. ಮೇಡಂ ಆತುರಪಡಿಸಲಿಲ್ಲ.

"ಬೆಳಗಿನ ಜಾವ ನಾಲ್ಕು ಗಂಟೆ. ಗಾಳಿ... ಗಾಳಿ ಉತ್ತರದ್ದು. ಉತ್ತರ ಅಂತಾನೇ ಇದೆ." ಗಾಜನ್ನು ಹತ್ತಿರ ತಂದಳು, ದೂರ ಒಯ್ದಳು, ಸೆರಗಿನಿಂದ ಒರೆಸಿದಳು. "ಪಾದರಸ ಇಪ್ಪತ್ತೊಂಬತ್ತು..."

ಪೆನ್ನು ಕಾಯುತ್ತಿತ್ತು.

"ಮುಂದಿನದು ಕಾಣ್ತಿಲ್ಲ," ಎಂದಳು ಮಗಳು.

ಮೇಡಂ ಮುಖ ಎತ್ತಿ ನೋಡಲಿಲ್ಲ. ಕಿಂಡಿಯೊಳಗೆ ಒಂದು ಸಣ್ಣ ಸೊನ್ನೆ ಸುತ್ತಿದರು.