ಒಲೆಗೆ ಹಾಕದ ಮರ

ನಮ್ಮೆಜಮಾನರು ಬೂಟು ಹೊಲಿಯುವವರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿಯ ಒಳಗೋಡೆಗೆ ಮನೆಮಂದಿಯ ಮರದಚ್ಚುಗಳು ಸಾಲಾಗಿ ತೂಗುತ್ತವೆ. ಒಬ್ಬೊಬ್ಬರ ಪಾದವನ್ನೂ ಅಳೆದು, ಅದೇ ಆಕಾರಕ್ಕೆ ಮರ ಕಡೆದು ಮಾಡಿದವು. ಮಾವನವರದು, ಇವರದು, ಇವರ ಮೊದಲ ಹೆಂಡತಿಯದು, ಆಕೆಯ ಇಬ್ಬರು ಮಕ್ಕಳದು. ಸತ್ತವರ ಅಚ್ಚನ್ನೂ ತೆಗೆದುಹಾಕುವುದಿಲ್ಲ. ನನ್ನದು ಅಲ್ಲಿಲ್ಲ. ನಾನು ಎರಡನೆಯವಳು.

ನಾನು ಬಂದ ವಾರದಲ್ಲೇ ಇವರು ಒಂದು ಜೊತೆ ಜೋಡು ಹೊಲಿದು ಕೊಟ್ಟರು. “ಸದ್ಯಕ್ಕೆ ಇದನ್ನ ಹಾಕ್ಕೋ” ಅಂದರು. ಮುಂಭಾಗ ಬಿಗಿಯಾಗಿತ್ತು. ನನ್ನದು ಅಗಲ ಪಾದ, ನನ್ನ ತವರಿನ ಹೆಂಗಸರೆಲ್ಲರದೂ ಹಾಗೇ. ಯಾರ ಅಚ್ಚಿನ ಮೇಲೆ ಹೊಲಿದದ್ದೆಂದು ಕೇಳಬೇಕಾಗಿರಲಿಲ್ಲ. ಮೊದಲನೆಯವಳ ಅಚ್ಚು ಮೊಳೆಯಿಂದ ಇಳಿದು ಕೆಲಸದ ಮೇಜಿನ ಮೇಲೆ ಕೂತಿತ್ತು. ಒತ್ತುತ್ತದೆ ಎಂದು ನಾನು ಹೇಳಲಿಲ್ಲ, ಒತ್ತುತ್ತದೆಯೇ ಎಂದು ಅವರು ಕೇಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬಂಗಾರಕ್ಕೆ ಯಾವತ್ತೂ ಕೊರತೆಯಿರಲಿಲ್ಲ. ಜೋಡು ಸವೆದಾಗಲೆಲ್ಲ ಅದೇ ಅಚ್ಚಿನ ಮೇಲೆ ಇನ್ನೊಂದು ಬರುತ್ತಿತ್ತು. ಆ “ಸದ್ಯಕ್ಕೆ” ಒಂದು ಆಯುಷ್ಯವೇ ಆಯಿತು.

ಮಗನಿಗೆ ಮೀಸೆ ಚಿಗುರಿದ ವರ್ಷ ಪರದೆಯ ಸಂದಿಯಿಂದ ಒಂದು ದಿನ ನೋಡಿದೆ. ಅವನು ಅಳತೆಯ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದ್ದ. ಇವರು ನೆಲದ ಮೇಲೆ ಕೂತು ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಕರೆದು ಕೂರಿಸಿದ್ದಾರೆ ಎಂದುಕೊಂಡೆ. ನನ್ನನ್ನೂ ಒಂದು ದಿನ ಕರೆದಾರು ಎಂದು ಕಾದೆ. ಕರೆಯದೆ ಹೋಗುವ ಜಾಯಮಾನ ನನ್ನದಲ್ಲ. ಆ ಸ್ಟೂಲನ್ನು ದಿನಾ ಒರೆಸಿದೆ, ಒಂದು ದಿನವೂ ಅದರ ಮೇಲೆ ಕೂರಲಿಲ್ಲ.

ಹೋದ ತಿಂಗಳು ಇವರು ತೀರಿಕೊಂಡರು. ಅಂಗಡಿ ಈಗ ಮಗಳ ಕೈಯಲ್ಲಿದೆ. “ಇನ್ನೇನಿದೆ ಅಲ್ಲಿ, ಬಂದುಬಿಡಕ್ಕಾ” ಎಂದು ನನ್ನ ತಮ್ಮ ಫೋನಿನಲ್ಲಿ ಅಂದ. ಹೌದಲ್ಲ, ಏನಿದೆ ಅನ್ನಿಸಿತು. ಅವನು ಗಾಡಿ ತರುವ ದಿನ ಬೆಳಗ್ಗೆಯೇ ಬಟ್ಟೆಬರೆ ಕಟ್ಟಿದೆ. ಜೋಡು ಬಿಚ್ಚಿ ಮೊದಲನೆಯವಳ ಅಚ್ಚಿನ ಕೆಳಗೆ ಇಟ್ಟು, ಬಚ್ಚಲಿನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೆ.

ಮಗಳು ಅಟ್ಟೆ ಹೊಲಿಯುತ್ತಿದ್ದಳು. ಅಪ್ಪನ ಮಗಳೇ ಅವಳು, ಒಂದು ಮಾತಿಗೆ ಇನ್ನೊಂದು ಸೇರಿಸಿದರೆ ನಾಲಿಗೆ ಸವೆದೀತು ಅನ್ನುವಂಥವಳು. ಅಂಥವಳು ತಲೆಯೆತ್ತಿ ಕೇಳಿದಳು, “ಜೋಡು ಯಾಕೆ ಬಿಚ್ಚಿಟ್ರಿ ಚಿಕ್ಕಮ್ಮ?”

“ಅದು ನಿಮ್ಮಮ್ಮಂದು. ಇಲ್ಲೇ ಇರ್ಲಿ.”

“ಅಮ್ಮನ ಅಚ್ಚಿನ ಮೇಲೆ ಹೊಲಿದಿದ್ದು, ಅಷ್ಟೇ. ನೀವು ಅಳತೆ ಕೊಡ್ಲೇ ಇಲ್ವಲ್ಲ.”

ನನಗೆ ಮೈ ಉರಿಯಿತು. “ಕೊಡೋಕೆ ನನ್ನನ್ನ ಕರೆದವರ್ಯಾರು?”

ಅವಳು ದಬ್ಬಳ ಕೆಳಗಿಟ್ಟಳು. “ಈ ಮನೇಲಿ ಯಾರನ್ನೂ ಕರೆಯಲ್ಲ. ನಾವೇ ಬಂದು ಕೂರ್ಬೇಕು. ಕೂತ್ರೆ, ಇಲ್ಲೇ ಇರ್ತೀನಿ ಅಂತ ಅರ್ಥ. ಅಮ್ಮನೂ ಮದುವೆಯಾಗಿ ಎಷ್ಟೋ ದಿನ ಆದ್ಮೇಲೆ ತಾನಾಗೇ ಬಂದು ಕೂತ್ಲಂತೆ. ನನ್ನ ತಮ್ಮನೂ ಹಾಗೇ. ತಾತನ ಕಾಲದಿಂದ್ಲೂ ಇರೋದೇ ಇದು. ನಿಮಗೆ ಗೊತ್ತಿರ್ಲಿಲ್ವಾ?”

ಮೀನಿನ ಮರಿಗೆ ಯಾರೂ ಈಜು ಕಲಿಸುವುದಿಲ್ಲ, ನಿಜ. ಆದರೆ ನಾನು ಆ ಕೊಳದಲ್ಲಿ ಹುಟ್ಟಿದವಳಲ್ಲವಲ್ಲ. ನನಗೆ ಯಾರಾದರೂ ಹೇಳಬೇಕಿತ್ತು.

ಅವಳು ಎದ್ದು ಹೋಗಿ ಇವರ ಅಚ್ಚಿನ ಪಕ್ಕದಲ್ಲಿ ಹುರಿ ಕಟ್ಟಿ ತೂಗುಹಾಕಿದ್ದ ಎರಡು ಮರದ ತುಂಡುಗಳನ್ನು ಮುಟ್ಟಿದಳು. ಕಡೆಯದ, ಆಕಾರವಿಲ್ಲದ ತುಂಡುಗಳು. ಎಷ್ಟು ಸಲ ಅವುಗಳ ಧೂಳು ಒರೆಸಿದ್ದೆನೋ.

“ಇವು ನಿಮ್ಮವು. ನೀವು ಬಂದಾಗ್ಲೇ ಅಪ್ಪ ತಂದು ಹಾಕಿದ್ರು. ನೀವು ಕೂತ ದಿನ ಕಡೆಯೋಣ ಅಂತ.”

ಒಂದು ಚಳಿಗಾಲ ಮನೆಯಲ್ಲಿ ಸೌದೆ ಮುಗಿದಿತ್ತು. ಆಗ ಇದೇ ತುಂಡುಗಳನ್ನು ತೋರಿಸಿ, “ಇವು ಸುಮ್ನೆ ತೂಗ್ತಿವೆ, ಒಲೆಗೆ ಹಾಕ್ಲಾ?” ಎಂದು ಇವರನ್ನು ಕೇಳಿದ್ದೆ. ಇವರು ತುಂಬ ಹೊತ್ತು ನನ್ನ ಮುಖವನ್ನೇ ನೋಡಿ “ಬೇಡ, ಇರ್ಲಿ” ಅಂದಿದ್ದರು. ಜಿಪುಣ ಎಂದುಕೊಂಡಿದ್ದೆ.

ಅದನ್ನು ಮಗಳಿಗೆ ಹೇಳಿದೆ.

“ಗೊತ್ತು” ಅಂದಳು. “ಅವತ್ತು ಅಪ್ಪ ಊಟ ಮಾಡ್ಲಿಲ್ಲ. ‘ನಿಮ್ಮ ಚಿಕ್ಕಮ್ಮಂಗೆ ಇಲ್ಲಿ ಮನಸ್ಸಿಲ್ಲ, ಅವಳನ್ನ ಏನೂ ಕೇಳ್ಬೇಡ’ ಅಂದ್ರು. ಆಮೇಲೆ ಆ ಮಾತೇ ಎತ್ತಲಿಲ್ಲ.”

ಇಷ್ಟು ಕಾಲ ಅವರ ಮೇಲೆ ಮುನಿಸಿಕೊಂಡೇ ಬದುಕಿದೆ. ನನಗೆ ಅವರು ಬೇಡವಾಗಿದ್ದಾರೆ ಎಂದುಕೊಂಡೇ ಅವರು ಸತ್ತರು. ಅಳದಿದ್ದರೆ ಅಮ್ಮನೂ ಹಾಲು ಕೊಡುವುದಿಲ್ಲ ಎಂದು ಪಕ್ಕದ ಮನೆಯವಳಿಗೆ ಬುದ್ಧಿ ಹೇಳಿದ ಜಾಣೆ ನಾನು. ಒಂದು ದಿನ ಜಗಳವನ್ನಾದರೂ ಆಡಿದ್ದರೆ ಆಗುತ್ತಿತ್ತು. ಹತ್ತಿರದಲ್ಲಿದ್ದದ್ದು ಆ ಸ್ಟೂಲೇ. ಕೂತೆ. ಕೂತ ಮೇಲೆ, ಬಲಗಾಲನ್ನು ಚಾಚಿದೆ.

ಮಗಳು ನೆಲದ ಮೇಲೆ ಕೂತು, ರಬ್ಬರ್ ಚಪ್ಪಲಿ ಕಳಚಿ, ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಅವಳ ಕೈಯೂ ಅಪ್ಪನ ಕೈಯಂತೆಯೇ ಒರಟು. ಬೆರಳುಗಳ ಮೇಲೆ ಹೆಬ್ಬೆರಳು ಆಡಿಸಿ ನಿಲ್ಲಿಸಿದಳು. ಆಮೇಲೆ ಅವಳ ಅಮ್ಮನ ಅಚ್ಚನ್ನು ತಂದು ಪಕ್ಕಕ್ಕೆ ಹಿಡಿದಳು.

“ಬೆರಳೆಲ್ಲ ಒಳಗೆ ಮಡಿಚಿಕೊಂಡಿವೆ ಚಿಕ್ಕಮ್ಮ. ಇದಕ್ಕೂ ಅಮ್ಮನ ಅಚ್ಚಿಗೂ ವ್ಯತ್ಯಾಸಾನೇ ಇಲ್ಲ.” ಅಚ್ಚನ್ನು ಕೆಳಗಿಟ್ಟು ಕೇಳಿದಳು, “ಬಂದಾಗ ಹೇಗಿತ್ತು ನಿಮ್ಮ ಪಾದ?”

“ಅಗಲ ಇತ್ತು.”

“ಎಷ್ಟು ಅಗಲ?”

ಗೊತ್ತಿರಲಿಲ್ಲ. ಒಂದು ಸಲ ಕೈಯಲ್ಲಿ ಹಿಡಿದಿದ್ದರೆ ಸಾಕಿತ್ತು, ಇವರು ಸಾಯುವವರೆಗೂ ನೆನಪಿಟ್ಟುಕೊಂಡಿರುತ್ತಿದ್ದರು.

“ಈಗ ಇರೋ ಹಾಗೇ ತಗೋ” ಅಂದೆ.

“ಮರ ಚೆನ್ನಾಗಿ ಒಣಗಿದೆ, ಬಿರುಕು ಬಿಡಲ್ಲ” ಎನ್ನುತ್ತ ಅವಳು ಅಳತೆಪಟ್ಟಿ ಎಳೆದಳು. ಹೊರಗೆ ನನ್ನ ತಮ್ಮನ ಗಾಡಿ ಬಂದು ನಿಂತು ಹಾರನ್ ಹೊಡೆಯಿತು. ನಾನು ಎಡಗಾಲನ್ನೂ ಚಾಚಿದೆ.