ಜಲಜಳ ಮಗಳು ಕಡಲು ದಾಟಿದ ಮಧ್ಯಾಹ್ನ

ಬೈಂದೂರಿನ ನಮ್ಮ ಫೋಟೊ ಸ್ಟುಡಿಯೊದಲ್ಲಿ ಆ ಮಧ್ಯಾಹ್ನ ಒಂದೇ ಮಗು ಎರಡು ಕಡೆ ಇತ್ತು. ಬಣ್ಣದ ಸರೋವರದ ಪರದೆಯ ಮುಂದೆ ಜಲಜಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಅದೇ ಮಗು ನಮ್ಮ ಕಂಪ್ಯೂಟರಿನಿಂದ ಚೂರುಚೂರಾಗಿ ಕಡಲಾಚೆಗೂ ಹೋಗುತ್ತಿತ್ತು.

ಜಲಜಳ ಗಂಡ ರಾಘವೇಂದ್ರ ಸರಕಿನ ಹಡಗಿನಲ್ಲಿ ಅಡುಗೆಯವನು. ಹುಟ್ಟಿದ ಮಗಳ ಮುಖವನ್ನೇ ಅವನಿನ್ನೂ ಕಂಡಿರಲಿಲ್ಲ. ಅಂದು ಹಡಗು ದೂರದ ಬಂದರೊಂದರಲ್ಲಿ ನಿಂತಿತ್ತು, ಅಲ್ಲಿ ಒಳ್ಳೆಯ ಇಂಟರ್ನೆಟ್ ಸಿಕ್ಕಿತ್ತು. ನಾವು ತೆಗೆದ ನಾಮಕರಣದ ವಿಡಿಯೊವನ್ನು, ಫೈಲನ್ನು ಚೂರು ಮಾಡಿ ನೇರ ಇನ್ನೊಂದು ಕಂಪ್ಯೂಟರಿಗೆ ದಾಟಿಸುವ ಟೊರೆಂಟ್‌ನಲ್ಲಿ ಕಳಿಸುತ್ತಿದ್ದೆವು. ಚೂರುಗಳೆಲ್ಲ ಸೇರದ ಹೊರತು ಅದು ತೆರೆಯುವುದಿಲ್ಲ.

"ಸಂಜಿಗೆ ಹಡಗ್ ಬಿಡತ್ತ್ ಅಕ್ಕ. ಮತ್ತೆ ನಾಕ್ ತಿಂಗ್ಳ್ ಬರೀ ನೀರೇ," ಎಂದಳು ಜಲಜ.

ಹೊಸ ಲೈನು, ವೇಗಕ್ಕೇನೂ ಕೊರತೆಯಿರಲಿಲ್ಲ. ಆದರೆ ವೇಗ ಏರಿದ ಹಾಗೆಲ್ಲ ಮೆಮೊರಿ ತುಂಬಿ ಕಂಪ್ಯೂಟರ್ ಕಲ್ಲಾಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಮೊದಲಿಂದ ಫೈಲನ್ನೆಲ್ಲ ತಪಾಸಣೆ ಮಾಡುತ್ತ ಕೂರುತ್ತಿತ್ತು. ಮುಂದೆ ಹೋದರೆ ಮತ್ತದೇ ಕತೆ. ಬಿಸಿಲು ಬಾಗಿಲು ದಾಟಿ ಒಳಗೆ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು.

ಸೆಟ್ಟಿಂಗ್ ತೆರೆದೆ. ಕಳಿಸುವ ಮುಂಚೆ ಚೂರುಗಳನ್ನು ಮೆಮೊರಿಯಲ್ಲಿ ತಂದಿಡುವ ಜಾಗಕ್ಕೆ ಯಾರೋ ದೈತ್ಯ ಸಂಖ್ಯೆಯೊಂದನ್ನು ಬರೆದಿದ್ದರು. ಯಾರೋ ಏನು, ನಮ್ಮನೆ ಯಜಮಾನರೇ! ಊಟದ ಪಂಕ್ತಿಯಲ್ಲಿ ಬಡಿಸಲು ನಿಂತರೆ, ಸಾಕೆಂದು ಎಲೆಗೆ ಅಡ್ಡ ಹಿಡಿದ ಕೈಗಳ ಸಂದಿಯಲ್ಲೂ ಪಾಯಸ ಸುರಿಯುವ ಯತೀಶ.

"ಕೊಡುವಾಗ ಕೈ ಬಿಗಿ ಹಿಡುಕಾಗ ಅಲ್ದಾ? ಜಾಸ್ತಿ ಇಟ್ರೆ ಬೇಗ ಹೋತ್ತ್ ಅಂದೇಳಿ..." ಎಂದರು.

"ಎಂತ ಬೇಗ? ಉಂಬವ್ರ್ ಒಬ್ರ್, ನೀವ್ ಹಂಡಿಗಟ್ಲೆ ತಂದಿಟ್ರೆ ಬಡ್ಸುವವ್ರಿಗೆ ನಿಂಬುಕ್ ಜಾಗ ಎಲ್ಲಿತ್ತ್?"

ವಿಷಯ ಇಷ್ಟೇ. ಅತ್ತ ತೆಗೆದುಕೊಳ್ಳುವ ವೇಗ ಹೆಚ್ಚಿದಷ್ಟೂ ಇತ್ತ ಮೆಮೊರಿಯಲ್ಲಿ ರಾಶಿ ಬೆಳೆದು, ಕಂಪ್ಯೂಟರಿಗೇ ಉಸಿರಾಡಲು ಎಡೆಯಿಲ್ಲ. ಆ ಸಂಖ್ಯೆಯನ್ನು ತೀರಾ ಚಿಕ್ಕದು ಮಾಡಿದೆ. ಕಳಿಸುವ ವೇಗಕ್ಕೂ ತುಸು ಲಗಾಮು ಹಾಕಿದೆ. ಯತೀಶ ಮುಖ ಸಣ್ಣದು ಮಾಡಿಕೊಂಡರು.

ಈ ಸಲ ಕಂಪ್ಯೂಟರಿನಲ್ಲಿ ಮೆಮೊರಿಯ ಬಳಕೆ ತೋರಿಸುವ ಗೆರೆ ಸ್ವಲ್ಪ ಏರಿ, ಇಳಿತದ ಹೊಳೆಯ ಹಾಗೆ ಸುಮ್ಮನೆ ಮಲಗಿತು. ನಾವು ಮೂವರೂ ಅದನ್ನೇ ನೋಡುತ್ತ ಕುಳಿತೆವು. ಫ್ಯಾನು ತಿರುಗುತ್ತಿತ್ತು, ಪರದೆಯ ಸರೋವರ ಮೆಲ್ಲಗೆ ಅಲುಗುತ್ತಿತ್ತು. ಈಗ ಹೋದ ಚೂರಿನಲ್ಲಿ ಮಗುವಿನ ಹಿಮ್ಮಡಿ ಇರಬಹುದು, ಇದರಲ್ಲಿ ಆಕಳಿಕೆ, ಇದರಲ್ಲಿ ಕೆನ್ನೆಯ ಕಾಡಿಗೆ ಬೊಟ್ಟು ಎಂದೆಲ್ಲ ನನಗೆ ಅನಿಸುತ್ತಿತ್ತು. ಯಾವ ನೀರಿನ ಅಡಿಯ ಕೇಬಲ್ಲಿನಲ್ಲಿ ಅದು ಹೋಗುತ್ತಿದೆಯೋ, ಒದ್ದೆಯಾಗದಿರಲಿ ಎಂದು ಬೇಡಿಕೊಂಡೆ. ಹುಚ್ಚು ಅಂದರೆ ಇದೇ.

ಬಿಸಿಲು ಕೆಂಪಾಗುವ ಹೊತ್ತಿಗೆ ಕೊನೆಯ ಚೂರೂ ಹೋಯಿತು. ಫೋನು ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಹೊಡೆದುಕೊಂಡಿತು.

"ಕಂಡೆ," ಎಂದ ರಾಘವೇಂದ್ರ. ಹಿಂದೆ ಹಡಗಿನ ಕೂಗು ಕೇಳುತ್ತಿತ್ತು. "ಹೆಸ್ರ್ ನಿನ್ನ ಅಣ್ಣ ಹೇಳ್ದ ಅಲ್ದಾ ಕಿವಿಯೊಳ್ಗೆ?"

"ಅಪ್ಪ ಹೇಳುಕಿತ್ತ್, ನೀವಿಲ್ಲದ್ದಕ್ಕೆ ಅವ ಹೇಳ್ದ," ಎಂದಳು ಜಲಜ.

"ಫೋನ್ ಅದ್ರ ಕಿವಿಗೆ ಹಿಡಿ."

ಜಲಜ ಹಿಡಿದಳು. ಮಗು ಕಣ್ಣು ಬಿಟ್ಟಿತು. ಅಳಲಿಲ್ಲ, ಕೇಳುತ್ತಲೇ ಇತ್ತು.